ಪಂಪಿನ ಸ್ಕ್ರೂನಲ್ಲಿ ಮೈಲೇಜ್ ಕೂತಿಲ್ಲ

ಲಾರಿಯವರು ನಾಲ್ಕು ಜನ ಸೇರಿದ ಕಡೆ, ಅದು ತುಮಕೂರಿನ ಅಂತರಸನಹಳ್ಳಿ ಕಡೆಯ ಗ್ಯಾರೇಜಾಗಲಿ, ಗುಬ್ಬಿ ರಸ್ತೆಯ ಟೀ ಅಂಗಡಿಯಾಗಲಿ, ಕುಣಿಗಲ್ ಹೆದ್ದಾರಿಯ ಡಾಬಾ ಆಗಲಿ, ಒಂದು ಮಾತು ಬಂದೇ ಬರುತ್ತದೆ. "ಪಂಪ್ ಒಂದ್ಸಲ ಸೆಟ್ ಮಾಡ್ಸಣ್ಣ, ಎಲ್ಲಾ ಸರಿಹೋಗುತ್ತೆ." ಲೋಡಿಗೆ ಎಳೆಯುತ್ತಿಲ್ಲವೆ? ಪಂಪ್ ಏರಿಸಬೇಕು. ಆವರೇಜ್ ಬರುತ್ತಿಲ್ಲವೆ? ಪಂಪ್ ಇಳಿಸಬೇಕು. ಎರಡೂ ಬೇಕೆ? ಅದಕ್ಕೂ ಒಬ್ಬ ಮೇಸ್ತ್ರಿ ಇದ್ದಾನೆ, ಅವನ ಕೈಗುಣವೇ ಬೇರೆ, ಪಿಕಪ್ಪೂ ಬರುತ್ತೆ ಮೈಲೇಜೂ ಬರುತ್ತೆ. ಕಂಪನಿಯವರು ಬೇಕಂತಲೇ ಅದುಮಿ ಕಳಿಸಿರುತ್ತಾರಂತೆ. ಸೀಲ್ ಒಡೆದು ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಇಂಜಿನ್ನಿನ ನಿಜವಾದ ತಾಕತ್ತು ಹೊರಗೆ ಬರುತ್ತದಂತೆ.

ಇದನ್ನು ಹೇಳುವವರು ದಡ್ಡರಲ್ಲ. ಇಂಜಿನ್ ಸದ್ದಿನಲ್ಲೇ ಯಾವ ಸಿಲಿಂಡರ್ ಕೈಕೊಟ್ಟಿದೆ ಎಂದು ಹೇಳಬಲ್ಲ ಜನ. ಆದ್ದರಿಂದಲೇ ಈ ಮಾತನ್ನು ಹಗುರವಾಗಿ ತಳ್ಳಿಹಾಕದೆ, ಬಿಚ್ಚಿ ಬೆಂಚಿನ ಮೇಲಿಟ್ಟು ನೋಡಬೇಕು. ನೋಡಿದರೆ ಕಾಲು ಪಾಲು ನಿಜ, ಮುಕ್ಕಾಲು ಪಾಲು ಸುಳ್ಳು. ಕಾಲನ್ನು ತೋರಿಸಿ ಮುಕ್ಕಾಲನ್ನು ಮಾರುವ ವ್ಯಾಪಾರ ನಡೆದಿದೆ ಎಂಬುದು ನನ್ನ ತಕರಾರು.

ಡೀಸೆಲ್ ಪಂಪಿನ ಕೆಲಸ ಮೂರೇ: ಅಳೆಯುವುದು, ಒತ್ತುವುದು, ಹೊತ್ತಿಗೆ ಸರಿಯಾಗಿ ನಾಝಲ್ಲಿಗೆ ಕಳಿಸುವುದು. ಜರ್ಮನಿಯ ರಾಬರ್ಟ್ ಬಾಷ್ 1922ರಲ್ಲಿ ಈ ಪಂಪಿನ ಕೆಲಸಕ್ಕೆ ಕೈಹಾಕಿ, 1927ರಲ್ಲಿ ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಗೆ ತಂದ. 1951ರಲ್ಲಿ ಅದೇ ಮನೆತನದ ಮೈಕೋ ಬೆಂಗಳೂರಿಗೆ ಬಂತು, ಆಡುಗೋಡಿಯಲ್ಲಿ ನೆಲೆಯೂರಿತು. ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಗ್ಯಾರೇಜುಗಳಲ್ಲಿ ಅದು ಇವತ್ತಿಗೂ ಮೈಕೋ ಪಂಪೇ.

ಆ ಪಂಪಿನೊಳಗೆ ಪ್ರತಿ ಸಿಲಿಂಡರಿಗೆ ಒಂದರಂತೆ ಎಲಿಮೆಂಟ್ ಇರುತ್ತದೆ. ಬೆರಳುದ್ದದ ಒಂದು ಪ್ಲಂಜರ್, ಅದು ಓಡಾಡುವ ಒಂದು ಬ್ಯಾರೆಲ್. ಇವೆರಡರ ನಡುವಿನ ಸಂದು ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು-ಮೂರು ಭಾಗ. ಹಾಗಾಗಿಯೇ ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರೆಲ್ಲಿಗೆ ಹಾಕುವಂತಿಲ್ಲ, ಜೋಡಿಯಾಗಿಯೇ ಬರುತ್ತವೆ, ಜೋಡಿಯಾಗಿಯೇ ಹೋಗುತ್ತವೆ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಒಂದು ಕಚ್ಚು ಇದೆ. ಆಕ್ಸಿಲರೇಟರ್ ತುಳಿದರೆ ಪಂಪಿನೊಳಗಿನ ಸರಳು, ಅಂದರೆ ರ್ಯಾಕ್ ಸರಿಯುತ್ತದೆ, ರ್ಯಾಕ್ ಸರಿದರೆ ಪ್ಲಂಜರ್ ತಿರುಗುತ್ತದೆ, ತಿರುಗಿದಂತೆ ಆ ಓರೆ ಕಚ್ಚು ಬ್ಯಾರೆಲ್ಲಿನ ತೂತಿಗೆ ಬೇಗ ಇಲ್ಲವೇ ತಡವಾಗಿ ಎದುರಾಗುತ್ತದೆ. ತಡವಾದಷ್ಟೂ ನಾಝಲ್ಲಿಗೆ ಹೋಗುವ ಡೀಸೆಲ್ ಹೆಚ್ಚು.

ಈಗ ಎಲ್ಲರೂ ಹಾಡಿಹೊಗಳುವ ಆ ಫುಲ್ ಲೋಡ್ ಸ್ಕ್ರೂ. ಅದು ರ್ಯಾಕಿಗೆ ಹಾಕಿದ ಗಡಿ, ಅಷ್ಟೇ. ಇಲ್ಲಿಂದಾಚೆಗೆ ಹೋಗಬೇಡ ಎಂದು ತಡೆಯುವುದಷ್ಟೇ ಅದರ ಕೆಲಸ. ಕಾಲು ಪೂರ್ತಿ ಒತ್ತಿದಾಗ ಮಾತ್ರ ರ್ಯಾಕ್ ಆ ಗಡಿಯನ್ನು ಮುಟ್ಟುತ್ತದೆ. ಗುಬ್ಬಿಯಿಂದ ನಿಟ್ಟೂರಿನ ಕಡೆಗೆ ಅರ್ಧ ಆಕ್ಸಿಲರೇಟರಿನಲ್ಲಿ ಹಾಯಾಗಿ ಹೋಗುತ್ತಿರುವ ಲಾರಿಯ ರ್ಯಾಕ್ ಎಲ್ಲೋ ನಡುವೆ ಇರುತ್ತದೆ. ಆ ಹೊತ್ತಿನಲ್ಲಿ ಸ್ಕ್ರೂ ಏರಿಸಿದ್ದರೂ ಒಂದೇ, ಇಳಿಸಿದ್ದರೂ ಒಂದೇ. ಮೈಲೇಜ್ ತೀರ್ಮಾನವಾಗುವ ಬಹುಪಾಲು ರಸ್ತೆಯಲ್ಲಿ ಆ ಸ್ಕ್ರೂ ಸುಮ್ಮನೆ ಕೂತಿರುತ್ತದೆ. ಸೇರು ದೊಡ್ಡದು ಮಾಡಿಸಿದರೆ ಮನೆಯ ಅಕ್ಕಿ ಹೆಚ್ಚಾಗುತ್ತದೆಯೆ? ಮೂಟೆ ಬೇಗ ಖಾಲಿಯಾಗುತ್ತದೆ.

"ಪಂಪ್ ಇಳಿಸಿದ ಮೇಲೆ ನಿಜವಾಗಿಯೂ ಅರ್ಧ ಕಿಲೋಮೀಟರ್ ಹೆಚ್ಚು ಬಂತಲ್ಲ?" ಎನ್ನುವವರಿಗೆ ಉತ್ತರ ರಸ್ತೆಯಲ್ಲಿದೆ. 25 ಟನ್ ತೂಗುವ ಹತ್ತು ಚಕ್ರದ ಲಾರಿಯನ್ನು ಸಪಾಟು ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿ ಒಂದು ಕಿಲೋಮೀಟರ್ ದೂಡಲು, ಟೈರಿನ ಎಳೆತಕ್ಕೂ ಎದುರು ಗಾಳಿಗೂ ಸೇರಿ ಸುಮಾರು 2.7 ಮೆಗಾಜೂಲ್ ಬೇಕು. ಒಂದು ಲೀಟರ್ ಡೀಸೆಲ್ಲಿನಲ್ಲಿ ಇರುವುದು ಸುಮಾರು 36. ಇಂಜಿನ್ನಿನ ಬಿಸಿ, ಸೈಲೆನ್ಸರ್, ಗೇರ್‌ಬಾಕ್ಸ್, ಕ್ರೌನ್ ಎಲ್ಲವೂ ತಮ್ಮ ಪಾಲು ತಿಂದ ಮೇಲೆ ಚಕ್ರಕ್ಕೆ ತಲುಪುವುದು 12, ಹೆಚ್ಚೆಂದರೆ 13. ಭಾಗಿಸಿ ನೋಡಿ: ನಾಲ್ಕೂವರೆ ಕಿಲೋಮೀಟರ್. ಅದೇ ಲಾರಿ 80ರಲ್ಲಿ ಹೋದರೆ ಎದುರು ಗಾಳಿಯ ಒತ್ತಡ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ, ಮೈಲೇಜ್ ಮೂರೂವರೆಯ ಆಸುಪಾಸಿಗೆ ಬೀಳುತ್ತದೆ. ಪಂಪ್ ಇಳಿಸಿದ ಲಾರಿಗೆ 80 ಮುಟ್ಟಲು ಉಸಿರಿಲ್ಲ, ಹಾಗಾಗಿ 60-65ರಲ್ಲೇ ಹೋಗುತ್ತದೆ. ಉಳಿದ ಡೀಸೆಲ್ ವೇಗ ಬಿಟ್ಟುಕೊಟ್ಟಿದ್ದರಿಂದ ಉಳಿದದ್ದು. ಅದನ್ನು ಪಂಪ್ ಬಿಚ್ಚದೆಯೇ, ಒಂದು ಪೈಸೆ ಖರ್ಚಿಲ್ಲದೆ, ಬಲಗಾಲಿನಲ್ಲೇ ಉಳಿಸಬಹುದಿತ್ತು. ಜೊತೆಗೆ ಘಾಟಿಯಲ್ಲಿ, ಓವರ್‌ಟೇಕಿನಲ್ಲಿ ಬೇಕಾದಾಗ ಬೇಕಾದಷ್ಟು ಎಳೆತವೂ ಕೈಯಲ್ಲಿರುತ್ತಿತ್ತು.

ಇದಕ್ಕೆ ಸಾಕ್ಷಿ ಬೇಕಿದ್ದರೆ ಕೆಎಸ್‌ಆರ್‌ಟಿಸಿ ಡಿಪೋಗೆ ಹೋಗಿ. ಅಲ್ಲಿ ಚಾಲಕರ ಹೆಸರಿನ ಮುಂದೆ ಕೆಎಂಪಿಎಲ್, ಅಂದರೆ ಲೀಟರಿಗೆ ಬಂದ ಕಿಲೋಮೀಟರ್, ಬರೆದಿಡುವ ಪದ್ಧತಿ ಇದೆ. ಅದೇ ಬಸ್ಸು, ಅದೇ ಪಂಪು, ಅದೇ ರೂಟು. ಸೀಟಿನಲ್ಲಿ ಕೂತವರು ಬದಲಾದರೆ ಅಂಕಿ ಬದಲಾಗುತ್ತದೆ. ಪಂಪೇ ಎಲ್ಲ ಆಗಿದ್ದರೆ ನಿಗಮದವರು ಚಾಲಕನ ಹೆಸರಿನಲ್ಲಿ ಯಾಕೆ ಲೆಕ್ಕ ಇಡುತ್ತಿದ್ದರು?

ಇನ್ನು ಏರಿಸುವ ಪಕ್ಷದವರು. ಡೀಸೆಲ್ ಹೆಚ್ಚು ಹೋದರೆ ಶಕ್ತಿ ಹೆಚ್ಚು ಬರುತ್ತದೆ ಎಂಬುದು ಸುಳ್ಳಲ್ಲ, ಆದರೆ ಉರಿಯಲು ಗಾಳಿ ಇರುವವರೆಗೆ ಮಾತ್ರ. ಟರ್ಬೊ ಇಲ್ಲದ ಹಳೆಯ ಟಾಟಾ 697 ಇಂಜಿನ್ ತೆಗೆದುಕೊಳ್ಳಿ. ಹೆಸರಲ್ಲೇ ಲೆಕ್ಕ ಇದೆ: 6 ಸಿಲಿಂಡರ್, 97 ಮಿ.ಮೀ. ಬೋರ್. ಅದರ ಒಂದು ಸಿಲಿಂಡರ್ ಒಂದು ಸಲಕ್ಕೆ ಒಳಗೆಳೆಯುವ ಗಾಳಿ ನಮ್ಮೂರಲ್ಲಿ ಒಂದು ಗ್ರಾಮಿಗಿಂತ ಕಡಿಮೆ. ನಮ್ಮೂರಲ್ಲಿ ಎಂದು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರ್ ಮೇಲಿದೆ. ಮಂಗಳೂರಿನ ಗಾಳಿಗಿಂತ ಇಲ್ಲಿಯದು ಶೇ. 7ರಷ್ಟು ತೆಳು. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಹದಿನಾಲ್ಕೂವರೆ ಗ್ರಾಂ ಗಾಳಿ ಸಾಕು. ಆದರೆ ಎರಡು ಮಿಲಿಸೆಕೆಂಡಿನ ಒಳಗೆ ಡೀಸೆಲ್ಲೂ ಗಾಳಿಯೂ ಚೆನ್ನಾಗಿ ಬೆರೆಯಲು ಪುರಸೊತ್ತೆಲ್ಲಿ? ಹದಿನೆಂಟು-ಇಪ್ಪತ್ತು ಗ್ರಾಂ ಇರಲೇಬೇಕು, ಇಲ್ಲದಿದ್ದರೆ ಹೊಗೆ. ಆ ಲೆಕ್ಕದಲ್ಲಿ ಒಂದು ಸಿಲಿಂಡರಿಗೆ ಒಂದು ಸಲಕ್ಕೆ ಕೊಡಬಹುದಾದ ಡೀಸೆಲ್ 55 ಘನ ಮಿಲಿಮೀಟರಿನ ಆಸುಪಾಸು. ಹೆಚ್ಚುಕಡಿಮೆ ಒಂದು ನೀರಿನ ಹನಿ.

ಕಂಪನಿಯವರು "ಅದುಮಿ" ಇಟ್ಟಿದ್ದಾರೆ ಎನ್ನುವುದು ಈ ಹನಿಯನ್ನು. ಹನಿಯನ್ನು ಹನಿಯೂ ಕಾಲೂ ಮಾಡಿದರೆ ಮೇಲಿನ ಕಾಲು ಹನಿಗೆ ಉರಿಯಲು ಗಾಳಿ ಸಾಲದು. ಸ್ವಲ್ಪ ಎಳೆತ ಕೂಡಿದಂತೆ ಕಾಣುತ್ತದೆ, ಉಳಿದದ್ದು ಕರಿ ಹೊಗೆಯಾಗಿ ಹಿಂದಿನ ಬೈಕಿನವನ ಮುಖಕ್ಕೆ. ಗಾಡಿ ಕಪ್ಪಗೆ ಉಗುಳಿದರೆ "ಪಂಪ್ ಒಳ್ಳೆ ಸೆಟ್ಟಾಗಿದೆ" ಎಂದು ಬೀಗುವವರನ್ನು ನೋಡಿದ್ದೇನೆ. ಆ ಹೊಗೆ ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲು, ಸ್ವಾಮಿ.

ಟರ್ಬೊ ಇರುವ ಇಂಜಿನ್ನಿನಲ್ಲಿ ಗಾಳಿ ಸ್ವಲ್ಪ ಹೆಚ್ಚುವರಿ ಇರುತ್ತದೆ, ಅಲ್ಲಿ ಏರಿಸಿದರೆ ಶಕ್ತಿ ಖಂಡಿತ ಬರುತ್ತದೆ. ಅಲ್ಲಿ ಏರಿಸುವವರ ವಾದಕ್ಕೂ ಒಂದು ಬಲವಾದ ಎಳೆ ಇದೆ: ಘಾಟಿಯಲ್ಲಿ ಮೂರನೇ ಗೇರಿಗೆ ಇಳಿಯಬೇಕಾದ ಗಾಡಿ ನಾಲ್ಕರಲ್ಲೇ ಏರಿದರೆ ಆರ್‌ಪಿಎಂ ಕಡಿಮೆ, ಇಂಜಿನ್ನಿನ ಒಳಗಿನ ತಿಕ್ಕಾಟ ಕಡಿಮೆ, ಆದ್ದರಿಂದ ಡೀಸೆಲ್ಲೂ ಸ್ವಲ್ಪ ಕಡಿಮೆ. ಒಪ್ಪಿದೆ. ಆದರೆ ಆ ಉಳಿತಾಯ ಏರಿನಲ್ಲಿ ಕಳೆಯುವ ಆ ಕೆಲವು ನಿಮಿಷಗಳದ್ದು. ಘಾಟಿ ಮುಗಿದ ಮೇಲೆ ಆ ಹೆಚ್ಚುವರಿ ಶಕ್ತಿ ಎಲ್ಲಿಗೆ ಹೋಗುತ್ತದೆ? ಯಾವ ಚಾಲಕನೂ ಅದನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಸಪಾಟು ರಸ್ತೆ ಸಿಕ್ಕ ಕೂಡಲೇ ವೇಗವಾಗುತ್ತದೆ, ಏರಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚನ್ನು ಅಲ್ಲಿ ಕಳೆಯುತ್ತದೆ. ಮತ್ತೆ ಆ ಬಿಸಿ. ಹೆಚ್ಚು ಡೀಸೆಲ್ ಉರಿದ ಬಿಸಿಯನ್ನು ತಡೆಯಬೇಕಾದವು ಪಿಸ್ಟನ್, ಎಕ್ಸಾಸ್ಟ್ ವಾಲ್ವ್, ಟರ್ಬೊ, ಹೆಡ್ ಗ್ಯಾಸ್ಕೆಟ್. ಇವು ಆರು ತಿಂಗಳಾದ ಮೇಲೆ ಕೈಕೊಟ್ಟಾಗ ಯಾರೂ ಪಂಪಿನ ಹೆಸರೆತ್ತುವುದಿಲ್ಲ. "ಹೊಸ ಗಾಡಿಗಳ ಮಾಲೇ ಸರಿಯಿಲ್ಲ" ಎನ್ನುತ್ತಾರೆ.

ಪಂಪ್ ಏರಿಸುವ ಚಾಳಿಯ ಬೇರು ಇಂಜಿನ್ನಿನಲ್ಲಿ ಇಲ್ಲ, ಓವರ್‌ಲೋಡಿನಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಗೂ ತಡೆ ಹಾಕುವವರೆಗೆ ಚಿಕ್ಕನಾಯಕನಹಳ್ಳಿ ಕಡೆಯಿಂದ ಅದಿರು ಲಾರಿಗಳು ಹೇಗೆ ಓಡಾಡುತ್ತಿದ್ದವು ಎಂಬುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಈಗ ಜಲ್ಲಿ, ಎಂ-ಸ್ಯಾಂಡ್. 2018ರ ಜುಲೈನಲ್ಲಿ ಸರ್ಕಾರವೇ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅಷ್ಟಕ್ಕೂ ನಿಲ್ಲದೆ ಮೇಲೆ ಹೇರಿದವನಿಗೆ ಮಾತ್ರ ಕಂಪನಿ ಕೊಟ್ಟ ಪಂಪ್ ಸಾಲದು.

ಮೈಲೇಜ್ ಅಳೆಯುವ ರೀತಿಯಂತೂ ಇನ್ನೊಂದು ಕಥೆ. ಭಾರತದಲ್ಲಿ ದೊಡ್ಡ ವಾಹನಗಳ ಇಂಧನ ಮಿತಿಗೆಂದು 2017ರಲ್ಲಿ ಹೊರಡಿಸಿದ ನಿಯಮದಲ್ಲಿ ಲಾರಿಯಾದರೆ 40 ಮತ್ತು 60 ಕಿ.ಮೀ. ವೇಗವನ್ನು ಒಂದೇ ಸಮ ಹಿಡಿದು ಅಳೆಯಬೇಕು. ನಮ್ಮಲ್ಲಿ? ಪಂಪ್ ಸೆಟ್ ಮಾಡಿಸಿ, ಕುಣಿಗಲ್ಲಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಮಂಗಳೂರಿಗೆ ಲೋಡ್ ತೆಗೆದುಕೊಂಡು ಹೋಗಿ, ಅಲ್ಲಿ ಮತ್ತೆ ಫುಲ್ ಮಾಡಿಸಿ ಭಾಗಿಸುತ್ತಾರೆ. "ನೋಡಣ್ಣ, ಐದು ಬಂತು!" ಬರದೆ ಏನು? ಶಿರಾಡಿ ಘಾಟಿಯ ಸುಮಾರು 25 ಕಿ.ಮೀ. ಇಳಿಜಾರಿನಲ್ಲಿ ಡೀಸೆಲ್ಲೇ ಬೇಡ. ಅದೇ 25 ಟನ್ ವಾಪಸ್ ಬರುವಾಗ 700 ಮೀಟರ್ ಏರಬೇಕಾದರೆ, ಆ ಏರಿಗೆಂದೇ ಹದಿಮೂರು-ಹದಿನಾಲ್ಕು ಲೀಟರ್ ಸುರಿಯಬೇಕು. ಯಾವ ಮೇಸ್ತ್ರಿಯ ಕೈಗುಣವೂ ಅದನ್ನು ಹನ್ನೆರಡಕ್ಕೆ ಇಳಿಸಲಾರದು. ಹೋಗುವಾಗಿನ ಅಂಕಿ ಪಂಪಿನ ಖಾತೆಗೆ, ಬರುವಾಗಿನದು ರಸ್ತೆಯ ಖಾತೆಗೆ: ಹೀಗೆ ಬರೆದ ಲೆಕ್ಕದಲ್ಲಿ ಪಂಪ್ ಯಾವತ್ತೂ ಗೆಲ್ಲುತ್ತದೆ. ಇದರ ಜೊತೆಗೆ ಟ್ಯಾಂಕಿನ ನೊರೆ, ಬಂಕಿನಲ್ಲಿ ಗಾಡಿ ವಾಲಿ ನಿಂತದ್ದು, ಒಂದು ಟ್ರಿಪ್ಪಿನ ಕೊಬ್ಬರಿಗೂ ಇನ್ನೊಂದರ ಕಲ್ಲಿಗೂ ಇರುವ ತೂಕದ ಅಂತರ. ನೂರು ಲೀಟರಿನಲ್ಲಿ ಐದು ಲೀಟರ್ ಆಚೀಚೆ ಆದರೆ ಸಾಕು, ಶೇ. 5 "ಮೈಲೇಜ್" ಗಾಳಿಯಲ್ಲೇ ಹುಟ್ಟಿಬಿಡುತ್ತದೆ.

ಇದೇ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಬುದ್ಧಿವಂತಿಕೆಯ ಬಗ್ಗೆಯೂ ಒಂದು ಮಾತು. ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಪಂಪಿನ ಗವರ್ನರ್ ರ್ಯಾಕನ್ನು ಸೊನ್ನೆಗೆ ಎಳೆಯುತ್ತದೆ, ಡೀಸೆಲ್ ಪೂರ್ತಿ ಬಂದ್. ನ್ಯೂಟ್ರಲ್ ಮಾಡಿದರೆ ಇಂಜಿನ್ ನಿಲ್ಲದಿರಲೆಂದು ಅದೇ ಗವರ್ನರ್ ಐಡ್ಲಿಂಗಿಗೆ ಡೀಸೆಲ್ ಕೊಡುತ್ತಲೇ ಇರುತ್ತದೆ. ಬ್ರೇಕ್ ಕಾಯಿಸಿಕೊಂಡು, ಜೀವ ಕೈಯಲ್ಲಿ ಹಿಡಿದುಕೊಂಡು, ಮೇಲೆ ಡೀಸೆಲ್ಲನ್ನೂ ಸುಟ್ಟ ಹಾಗಾಯಿತು.

ಹಾಗಾದರೆ ನಾನು ಹೇಳಿದ ಆ ಕಾಲು ಪಾಲು ನಿಜ ಯಾವುದು? ಎರಡಿವೆ.

ಒಂದು, ಸವೆದ ಪಂಪು. ನೀರು ಸೇರಿದ ಡೀಸೆಲ್, ಕಲಬೆರಕೆ, ಬದಲಾಯಿಸದ ಫಿಲ್ಟರ್, ಇವುಗಳಿಂದ ಪ್ಲಂಜರಿನ ಕನ್ನಡಿಯಂಥ ಮೈ ಮಂಕಾಗುತ್ತದೆ. ಬೆಳಕಿಗೆ ಹಿಡಿದರೆ ಓರೆ ಕಚ್ಚಿನ ಪಕ್ಕದಲ್ಲಿ ಉದ್ದುದ್ದ ಬೂದು ಗೀರುಗಳು ಕಾಣುತ್ತವೆ. ಆಗ ಸಂದಿನಲ್ಲಿ ಡೀಸೆಲ್ ಹಿಂದಕ್ಕೆ ಸೋರುತ್ತದೆ. ಆರು ಸಿಲಿಂಡರಿಗೆ ಆರು ಬಗೆಯ ಅಳತೆ ಹೋಗುತ್ತದೆ. ಒಂದಕ್ಕೆ ಹೆಚ್ಚಾಗಿ ಹೊಗೆ, ಇನ್ನೊಂದಕ್ಕೆ ಕಡಿಮೆಯಾಗಿ ನಡುಕ. ಡೆಲಿವರಿ ವಾಲ್ವ್ ಕೂರದಿದ್ದರೆ ನಾಝಲ್ ತೊಟ್ಟಿಕ್ಕುತ್ತದೆ. ಇಂಥ ಪಂಪನ್ನು ಬಿಚ್ಚಿ, ಎಲಿಮೆಂಟ್ ಬದಲಾಯಿಸಿ, ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ಗಾಜಿನ ನಳಿಗೆಗಳಲ್ಲಿ ಆರೂ ಲೈನಿನ ಎಣ್ಣೆ ಒಂದೇ ಮಟ್ಟಕ್ಕೆ ಬರುವಂತೆ ಹೊಂದಿಸಿದರೆ ಕಳೆದುಹೋದ ಮೈಲೇಜೂ ಶಕ್ತಿಯೂ ಒಟ್ಟಿಗೇ ವಾಪಸ್ ಬರುತ್ತವೆ. ಗಮನಿಸಿ, ವಾಪಸ್ ಬರುತ್ತವೆ. ಕಂಪನಿ ಹೇಳಿದ ಅಳತೆಗೆ ಮರಳಿದ್ದರಿಂದ ಬಂದ ಲಾಭವನ್ನು ಕಂಪನಿ ಅಳತೆ ಮೀರಿದ್ದರಿಂದ ಬಂತೆಂದು ಸಾರುವುದೇ ಈ ವ್ಯಾಪಾರದ ಗುಟ್ಟು.

ಬೆಂಚಿಲ್ಲದೆ, ಸವೆದ ಎಲಿಮೆಂಟನ್ನು ಹಾಗೇ ಬಿಟ್ಟು ಸ್ಕ್ರೂ ತಿರುಗಿಸಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಸೋರಿಕೆ ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು, ಹೆಚ್ಚಿನ ಆರ್‌ಪಿಎಂನಲ್ಲಿ ಕಡಿಮೆ. ಯಾಕೆಂದರೆ ಪ್ಲಂಜರ್ ಬೇಗ ಮೇಲೇರಿದರೆ ಸೋರಲು ಪುರಸೊತ್ತಿರುವುದಿಲ್ಲ. ಕೆಳಗಿನ ಪಿಕಪ್ಪಿಗೆಂದು ಏರಿಸಿದ ಸ್ಕ್ರೂ ಮೇಲಿನ ಓಟದಲ್ಲಿ ಕಾಲು ಪೂರ್ತಿ ಒತ್ತಿದಾಗಲೆಲ್ಲ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ಕ್ಯಾತ್ಸಂದ್ರದ ಟೋಲ್ ಬಿಟ್ಟು ಹೊರಡುವಾಗ ಗಾಡಿ ಚುರುಕು, ಹೆದ್ದಾರಿಯಲ್ಲಿ ಟ್ಯಾಂಕ್ ಖಾಲಿ.

ಎರಡನೆಯದು ಟೈಮಿಂಗ್, ಅಂದರೆ ಡೀಸೆಲ್ ಸಿಲಿಂಡರಿಗೆ ಬೀಳುವ ಹೊತ್ತು. ಇಲ್ಲಿ ಮೇಸ್ತ್ರಿಗಳ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಲೇಬೇಕು. ನೈಟ್ರೋಜನ್ ಆಕ್ಸೈಡ್ ಎಂಬ ವಿಷಗಾಳಿಯನ್ನು ತಗ್ಗಿಸಲೆಂದು ಮಾಲಿನ್ಯ ನಿಯಮ ಬಿಗಿಯಾದಂತೆ ಅನೇಕ ಇಂಜಿನ್ನುಗಳ ಟೈಮಿಂಗನ್ನು ತಯಾರಕರು ಹಿಂದಕ್ಕೆ ಸರಿಸಿದರು. ಅದರಿಂದ ಮೈಲೇಜ್ ಸ್ವಲ್ಪ ಸೋತದ್ದು ನಿಜ. ಅದನ್ನು ಒಂದೆರಡು ಡಿಗ್ರಿ ಮುಂದಕ್ಕೆ ತಂದರೆ ಒಂದಿಷ್ಟು ವಾಪಸ್ ಬರಬಹುದು. ಆದರೆ ಇದು ಬಿಟ್ಟಿ ಸಿಗುವುದಿಲ್ಲ. ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ, ಬೇರಿಂಗಿಗೂ ಗ್ಯಾಸ್ಕೆಟ್ಟಿಗೂ ಪೆಟ್ಟು ಬೀಳುತ್ತದೆ, ಕಣ್ಣಿಗೆ ಕಾಣದ ಆ ಗಾಳಿ ಬಟವಾಡಿಯಲ್ಲೂ ಗುಬ್ಬಿ ಗೇಟಿನಲ್ಲೂ ಜನರ ಶ್ವಾಸಕೋಶಕ್ಕೆ ಹೋಗುತ್ತದೆ. ಲಾಭ ಓನರಿನದು, ಖರ್ಚು ಊರಿನದು. ಇದನ್ನು ಕೈಗುಣ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇಷ್ಟಾದರೂ ಈ ನಂಬಿಕೆ ಯಾಕೆ ಸಾಯುವುದಿಲ್ಲ? 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ. 18.44ರಿಂದ 21.17ಕ್ಕೆ ಏರಿಸಿತು, ಲೀಟರಿಗೆ ಎರಡು ರೂಪಾಯಿ ಹೆಚ್ಚಿ 91ರ ಮೇಲೆ ಹೋಯಿತು. ಲಾರಿ ಮಾಲೀಕರು 14ರ ಮಧ್ಯರಾತ್ರಿಯಿಂದ ಮುಷ್ಕರ ಹೂಡಿದರು. ತಿಂಗಳಿಗೆ 6000 ಕಿ.ಮೀ. ಓಡುವ ಗಾಡಿ ನಾಲ್ಕರ ಬದಲು ನಾಲ್ಕೂಕಾಲು ಕೊಟ್ಟರೆ ಎಂಟು ಸಾವಿರ ರೂಪಾಯಿ ಉಳಿಯುತ್ತದೆ, ಸಣ್ಣ ಮೊತ್ತವಲ್ಲ. ಡೀಸೆಲ್ ದರ ಓನರಿನ ಕೈಯಲ್ಲಿಲ್ಲ, ಟೋಲ್ ಕೈಯಲ್ಲಿಲ್ಲ, ಬಾಡಿಗೆ ಏಜೆಂಟಿನ ಕೈಯಲ್ಲಿದೆ. ಉಳಿದದ್ದು ಆ ಒಂದು ಸ್ಕ್ರೂ. ಅದರ ಮೇಲೆ ಆಸೆ ಇಟ್ಟುಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಆ ಆಸೆಗೆ ಬಿಲ್ ಹಾಕುವವರ ಮೇಲಿದೆ.

ಆ ಸ್ಕ್ರೂಗೂ ಈಗ ವಯಸ್ಸಾಯಿತು. 2017ರಲ್ಲಿ ಬಿಎಸ್ 4 ಮಾಲಿನ್ಯ ನಿಯಮ ದೇಶಕ್ಕೆಲ್ಲ ಬಂದಾಗಲೂ ಅಶೋಕ್ ಲೇಲ್ಯಾಂಡ್ ಈ ಸ್ಕ್ರೂ ಇರುವ ಇನ್‌ಲೈನ್ ಪಂಪನ್ನೇ ಉಳಿಸಿಕೊಂಡು ಗಾಡಿ ಮಾರಿತ್ತು. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಲಾರಿಗಳೆಲ್ಲ ಕಾಮನ್ ರೈಲಿಗೆ ಹೋದವು. ಅಲ್ಲಿ ಪಂಪ್ ಒತ್ತಡ ಕೊಡುತ್ತದೆ ಅಷ್ಟೇ, ಎಷ್ಟು ಡೀಸೆಲ್, ಯಾವಾಗ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ನಂಬಿಕೆ ಮಾತ್ರ ಸ್ಕ್ರೂಡ್ರೈವರಿನಿಂದ ಲ್ಯಾಪ್‌ಟಾಪಿಗೆ ವರ್ಗವಾಗಿದೆ. "ಸಾಫ್ಟ್‌ವೇರ್ ಹಾಕಿಸಣ್ಣ, ಯೂರಿಯಾ ಕಟ್ ಮಾಡಿಸಣ್ಣ." ಹೊಗೆಯಲ್ಲಿನ ವಿಷಗಾಳಿ ತಗ್ಗಿಸಲು ಹಾಕುವ ಯೂರಿಯಾ ಅದು. ಕಾಮನ್ ರೈಲ್ ಕಿತ್ತು ಹಳೆಯ ಪಂಪ್ ಕೂರಿಸಿಕೊಡುವವರೂ ಇದ್ದಾರೆ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಕಾನೂನು ಒಪ್ಪದ ಮಾರ್ಪಾಡು ಮಾಡಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಉಂಟು. ಮೇಸ್ತ್ರಿ ಅಲ್ಲ, ಲ್ಯಾಪ್‌ಟಾಪಿನವನೂ ಅಲ್ಲ, ಮಾಲೀಕ.

ಹಳೆಯ ಗಾಡಿ ಇಟ್ಟುಕೊಂಡಿರುವ ಓನರುಗಳಲ್ಲಿ ನನ್ನ ವಿನಂತಿ ಇಷ್ಟೇ. ಆವರೇಜ್ ಬಿದ್ದರೆ ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ, ಕ್ರಷರಿಗೆ ಹೋಗುವ ಗಾಡಿಯಾದರೆ ಅರ್ಧ ಉತ್ತರ ಅಲ್ಲೇ ಧೂಳಾಗಿ ಕೂತಿರುತ್ತದೆ. ಆಮೇಲೆ ಟೈರಿನ ಗಾಳಿ, ಅಂಟಿಕೊಂಡ ಬ್ರೇಕ್, ಡೀಸೆಲ್ ಫಿಲ್ಟರ್, ನಾಝಲ್. ಹೋಗಿ ಬರುವ ಎರಡೂ ದಿಕ್ಕಿನ ಡೀಸೆಲ್ ಲೆಕ್ಕ, ಒಂದೇ ಬಂಕಿನಲ್ಲಿ ತುಂಬಿಸಿ, ತೂಕದ ಚೀಟಿಯ ಸಮೇತ ಬರೆದಿಡಿ. ಇಷ್ಟಾದ ಮೇಲೂ ಪಂಪ್ ಬಿಚ್ಚಿಸಲೇಬೇಕಾದರೆ ಬೆಂಚ್ ಇರುವ ಕಡೆಗೇ ಹೋಗಿ. ಬಿಚ್ಚುವ ಮೊದಲಿನ ಅಳತೆ, ಜೋಡಿಸಿದ ಮೇಲಿನ ಅಳತೆ, ಆರೂ ಲೈನಿನದು, ಕಾಗದದಲ್ಲಿ ಬರೆಸಿಕೊಳ್ಳಿ, ಸೀಲ್ ಹಾಕಿಸಿಕೊಳ್ಳಿ. ಬರೆದುಕೊಡಲು ಒಪ್ಪದ ಕಡೆ ಪಂಪ್ ಬಿಚ್ಚಿಸಬೇಡಿ.